ದುಬಾರಿ ವೈರು, ತೇವದ ಗೋಡೆ: ಮಲೆನಾಡಿನ ಮನೆಗಳಲ್ಲಿ ಸ್ಟೀರಿಯೊ ಕೂರಿಸುವಾಗ ನಾನು ಮಾಡುವುದು

ಚಿಕ್ಕಮಗಳೂರು, ಮೂಡಿಗೆರೆ ಕಡೆ ಮನೆಗಳಿಗೆ ಸ್ಟೀರಿಯೊ ಕೂರಿಸಲು ಹೋದರೆ ಮೊದಲು ಬರುವ ಪ್ರಶ್ನೆ ಸ್ಪೀಕರ್ ವೈರಿನದು. ಮೀಟರಿಗೆ ಸಾವಿರಗಟ್ಟಲೆ ಬೆಲೆಯ ವೈರು ಹಾಕಿಸಬೇಕೋ ಬೇಡವೋ? ನಾನು ಹಾಕುವುದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 2.5 ಚದರ ಮಿ.ಮೀ. ತಾಮ್ರದ ಫ್ಲೆಕ್ಸಿಬಲ್ ವೈರನ್ನು.

ಲೆಕ್ಕ ಸರಳ. ಈ ವೈರಿನ ರೆಸಿಸ್ಟೆನ್ಸ್ ಕಿಲೋಮೀಟರಿಗೆ ಸುಮಾರು 8 ಓಮ್. ಆಂಪ್ಲಿಫೈಯರಿನಿಂದ ಸ್ಪೀಕರಿಗೆ 5 ಮೀಟರ್ ಇದ್ದರೆ ಹೋಗಿಬರುವ ದಾರಿ 10 ಮೀಟರ್, ಅಂದರೆ 0.08 ಓಮ್. 8 ಓಮ್ ಸ್ಪೀಕರಿನಲ್ಲಿ ಇದರಿಂದ ಆಗುವ ನಷ್ಟ 0.1 ಡೆಸಿಬೆಲ್ ಕೂಡ ಇಲ್ಲ. ಆದರೆ 0.5 ಚದರ ಮಿ.ಮೀ.ನ ತೆಳು ವೈರು ಅದೇ ದೂರಕ್ಕೆ ಹೆಚ್ಚುಕಡಿಮೆ 0.4 ಓಮ್ ಆಗುತ್ತದೆ. ಸ್ಪೀಕರಿನ ಇಂಪಿಡೆನ್ಸ್, ಅಂದರೆ ಅದು ಕರೆಂಟಿಗೆ ಒಡ್ಡುವ ತಡೆ, ಎಲ್ಲ ಸ್ವರಕ್ಕೂ ಒಂದೇ ಅಲ್ಲವಲ್ಲ. ಅದು 4 ಓಮ್‌ಗೆ ಇಳಿದಲ್ಲಿ 0.8 ಡೆಸಿಬೆಲ್ ಹೋಗುತ್ತದೆ, 20 ಓಮ್‌ಗೆ ಏರಿದಲ್ಲಿ 0.2ಕ್ಕಿಂತ ಕಡಿಮೆ. ಸ್ವರಗಳ ತೂಕವೇ ಸ್ವಲ್ಪ ಬದಲಾಗುತ್ತದೆ. ಹಾಗಾಗಿ 'ವೈರು ಬದಲಿಸಿದ ಮೇಲೆ ದನಿ ಬೇರೆಯಾಯಿತು' ಎನ್ನುವವರೆಲ್ಲ ಭ್ರಮೆಯಲ್ಲಿದ್ದಾರೆ ಎಂದು ನಾನು ಹೇಳುವುದಿಲ್ಲ. ಬಹುಪಾಲು ಅವರು ತೆಳುವಿನಿಂದ ದಪ್ಪಕ್ಕೆ ಹೋಗಿರುತ್ತಾರೆ. ದಪ್ಪದಿಂದ ದುಬಾರಿಗೆ ಹೋದರೆ ಸಿಗುವುದು ಏನೂ ಇಲ್ಲ.

ವೈರು ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ರೆಸಿಸ್ಟೆನ್ಸ್ ಸುಮಾರು ಒಂದೂವರೆ ಪಟ್ಟು, ಬಗ್ಗಿಸಿದಲ್ಲಿ ಮುರಿಯುವುದೂ ಬೇಗ.

ನಂಬಿಕೆ ಬರದಿದ್ದವರಿಗೆ ಕಣ್ಣು ಮುಚ್ಚಿ ಕೇಳಿಸುತ್ತೇನೆ. ಮೊದಲು ಮಾಮೂಲಿ ವೈರು, ದುಬಾರಿ ವೈರು ಎರಡರಲ್ಲೂ ದನಿಯ ಮಟ್ಟ ಒಂದೇ ಇರಬೇಕು. 200 ಹರ್ಟ್ಸ್ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಎಸಿ ವೋಲ್ಟ್ ಅಳೆಯಿರಿ. ಒಂದರಲ್ಲಿ 2.00 ಬಂದರೆ ಇನ್ನೊಂದರಲ್ಲಿ 1.98ರಿಂದ 2.02ರೊಳಗೆ ಬರಬೇಕು. ಅಗ್ಗದ ಮಲ್ಟಿಮೀಟರುಗಳು 400 ಹರ್ಟ್ಸ್ ದಾಟಿದರೆ ತಪ್ಪು ತೋರಿಸುವುದುಂಟು. 1000 ಹರ್ಟ್ಸ್ ಟೋನ್ ಬೇಡ ಎನ್ನುವುದು ಅದಕ್ಕೇ. ಆಮೇಲೆ ಒಬ್ಬರು ಪರದೆಯ ಹಿಂದೆ ನಾಣ್ಯ ಚಿಮ್ಮಿ ವೈರು ಬದಲಿಸಬೇಕು, ಕೇಳುವವರು ಯಾವುದೆಂದು ಬರೆಯಬೇಕು. 16 ಸಲದಲ್ಲಿ 12 ಸರಿಯಾದರೆ ಮಾತ್ರ ವ್ಯತ್ಯಾಸ ಇದೆ ಎಂದು ಒಪ್ಪುತ್ತೇನೆ, ಏಕೆಂದರೆ ಬರೀ ಊಹೆಯಿಂದ ಅಷ್ಟು ಸರಿಬರುವ ಸಂಭವ ನೂರಕ್ಕೆ ನಾಲ್ಕು. ಬದಲಿಸದಿದ್ದಾಗಲೂ ವೈರು ಕಿತ್ತು ಹಾಕಬೇಕು. ಇಲ್ಲದಿದ್ದರೆ ಸದ್ದೇ ಗುಟ್ಟು ಬಿಟ್ಟುಕೊಡುತ್ತದೆ.

ನಮ್ಮ ಕಡೆ ದನಿ ಕೆಡಿಸುವುದು ವೈರಲ್ಲ, ಜಾಯಿಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಬರೀ ತಾಮ್ರದ ತುದಿ ಕಪ್ಪಾಗಿ, ಆಮೇಲೆ ಹಸಿರು ಕಟ್ಟುತ್ತದೆ. ಆರ್‌ಸಿಎ ಪಿನ್ನಿನಲ್ಲಿ (ಕೆಂಪು-ಬಿಳಿ ಆಡಿಯೊ ಪಿನ್) ಕರಕರ, ಒಂದು ಕಡೆಯ ಸ್ಪೀಕರ್ ಬಂದುಹೋಗುವುದು, ಎಲ್ಲ ಇದರಿಂದಲೇ. ಹೊಸದಾಗಿ ಕತ್ತರಿಸಿದ ತುದಿಗೆ ಬನಾನಾ ಪ್ಲಗ್ (ಸ್ಪೀಕರ್ ಟರ್ಮಿನಲ್‌ಗೆ ಚುಚ್ಚುವ ಪಿನ್) ಬಿಗಿಯಾಗಿ ಹಾಕಿ, ವೈರು ಒಳಹೋಗುವ ಕಡೆ ಬಿಸಿಗೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಸ್ಲೀವ್ ಏರಿಸುತ್ತೇನೆ. ಮಳೆಗಾಲ ಮುಗಿದ ಮೇಲೆ ಸ್ವಿಚ್ ಆಫ್ ಮಾಡಿ, ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಎರಡು ಮೂರು ಸಲ ತೆಗೆದು ಹಾಕಬೇಕು. ಚಿನ್ನದ ಲೇಪಕ್ಕೆ ಮಾತ್ರ ಇಲ್ಲಿ ಬೆಲೆಯಿದೆ, ಚಿನ್ನ ತುಕ್ಕು ಹಿಡಿಯುವುದಿಲ್ಲ. ಅದಕ್ಕೂ ಸಾದಾ ಗೋಲ್ಡ್ ಪ್ಲೇಟೆಡ್ ಪ್ಲಗ್ ಸಾಕು.

ದುಬಾರಿ ಪವರ್ ಕಾರ್ಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಬದಿಂದ ಗೋಡೆಯ ಸಾಕೆಟ್‌ವರೆಗೆ ಮಾಮೂಲಿ ವೈರೇ ಬಂದಿರುವಾಗ ಕೊನೆಯ ಒಂದೂವರೆ ಮೀಟರ್ ಏನು ಮಾಡೀತು? ನೋಡಬೇಕಾದದ್ದು ವೋಲ್ಟೇಜು. ತೋಟಕ್ಕೆ ಪಂಪ್ ಓಡುವ ಹೊತ್ತಿನಲ್ಲಿ 230 ಇರಬೇಕಾದದ್ದು 190ಕ್ಕೆ ಇಳಿದರೆ, ಹಳೆ ಬಗೆಯ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರಿನ ಗರಿಷ್ಠ ಪವರ್ ಮೂರನೇ ಒಂದು ಭಾಗ ಕುಸಿಯುತ್ತದೆ. ಜೋರಾಗಿಟ್ಟಾಗ ದನಿ ಒಡೆಯುತ್ತದೆ. ಅಲ್ಲಿ ಸ್ಟೆಬಿಲೈಸರ್ ಕೆಲಸಕ್ಕೆ ಬರುತ್ತದೆ. ಆಂಪ್ಲಿಫೈಯರಿನ ಲೇಬಲ್ಲಿನಲ್ಲಿ 100–240 ವೋಲ್ಟ್ ಎಂದಿದ್ದರೆ ಅದೂ ಬೇಡ. ಕಾಫಿ ಹೂವರಳಿಸುವ ಹೂಮಳೆಯ ಗುಡುಗು ಶುರುವಾದರೆ ಸ್ಪೈಕ್ ಗಾರ್ಡ್ ನಂಬಿ ಕೂರದೆ ಪ್ಲಗ್ಗೂ ಡಿಶ್ ವೈರೂ ಎರಡನ್ನೂ ಕೀಳಿ.

ಗುಂಯ್ ಎನ್ನುವ ಸದ್ದಿದ್ದರೆ ಸೆಟ್‌ಟಾಪ್ ಬಾಕ್ಸಿನ ವೈರನ್ನು, ಲ್ಯಾಪ್‌ಟಾಪ್ ಚಾರ್ಜರನ್ನು ಒಂದೊಂದಾಗಿ ಬಿಡಿಸಿ ನೋಡಿ. ಯಾವುದನ್ನು ಬಿಡಿಸಿದಾಗ ನಿಲ್ಲುತ್ತದೋ ಅಲ್ಲಿ ಗ್ರೌಂಡ್ ಲೂಪ್ ಇದೆ, ಅಂದರೆ ಎರಡು ದಾರಿಯಿಂದ ಅರ್ಥ್ ಕೂಡಿ ಸುತ್ತಾಗಿದೆ. ಆ ದಾರಿಗೆ ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ. ಅರ್ಥ್ ಪಿನ್ ಕತ್ತರಿಸುವ ಬುದ್ಧಿ ಮಾತ್ರ ಬೇಡ, ಜೀವಕ್ಕೆ ಅಪಾಯ. ಎಚ್‌ಡಿಎಂಐ, ಯುಎಸ್‌ಬಿ ಕೇಬಲ್ ಕೆಟ್ಟರೆ ದನಿ ಕಡಿದುಹೋಗುತ್ತದೆ. 'ಬಾಸ್ ತೆಳುವಾಯಿತು' ಅನ್ನುವಂಥದ್ದು ಆಗುವುದಿಲ್ಲ.

ಉಳಿಸಿದ ದುಡ್ಡು ಹೋಗಬೇಕಾದದ್ದು ಕೋಣೆಗೆ. ರೆಡ್ ಆಕ್ಸೈಡ್ ನೆಲ, ಗಾರೆ ಗೋಡೆ, ದೊಡ್ಡ ಕಿಟಕಿ ಗಾಜು. ಚಪ್ಪಾಳೆ ತಟ್ಟಿದರೆ ಸದ್ದು ಎಳೆಯುತ್ತದೆ. 5×4×3 ಮೀಟರಿನ ಕೋಣೆಯ ಗಾತ್ರ 60 ಘನ ಮೀಟರ್. ಒಟ್ಟು ಹೀರಿಕೆ (ಸದ್ದನ್ನು ಪೂರ್ತಿ ನುಂಗುವ ಮೈಯ ಲೆಕ್ಕದಲ್ಲಿ) 8 ಚದರ ಮೀಟರಿನಷ್ಟಿದ್ದರೆ ಸಬೀನ್ ಸೂತ್ರದಂತೆ 0.161×60÷8, ಅಂದರೆ 1.2 ಸೆಕೆಂಡ್ ಮಾರ್ದನಿ. ಅದನ್ನು 18ಕ್ಕೆ ಏರಿಸಿದರೆ ಅರ್ಧ ಸೆಕೆಂಡಿನ ಆಸುಪಾಸಿಗೆ ಬರುತ್ತದೆ. ಇದಕ್ಕೆ ಸೋಫಾ, ದಪ್ಪ ಜಮಖಾನ, ಪರದೆಯ ಜೊತೆ 4×2 ಅಡಿಯ ಆರು ಪ್ಯಾನೆಲ್ ಬೇಕು. ಮರದ ಚೌಕಟ್ಟಿಗೆ 50 ಮಿ.ಮೀ. ದಪ್ಪದ, ಘನ ಮೀಟರಿಗೆ 48 ಕೆ.ಜಿ. ಸಾಂದ್ರತೆಯ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ನಾರು) ತುಂಬಿ, ಹತ್ತಿ ಬಟ್ಟೆ ಎಳೆದು ಸ್ಟೇಪಲ್ ಹೊಡೆಯುವುದು. ಮಾಸ್ಕ್, ಕೈಗವಸು ಇಲ್ಲದೆ ಮುಟ್ಟಬೇಡಿ. ಜಾಗ ಹುಡುಕಲು ಒಬ್ಬರು ಪಕ್ಕದ ಗೋಡೆಗೆ ಕನ್ನಡಿ ಹಿಡಿದು ಸರಿಸಲಿ. ಕುಳಿತಲ್ಲಿಂದ ಸ್ಪೀಕರ್ ಕಾಣುವ ಜಾಗದಲ್ಲಿ ಮೊದಲ ಪ್ಯಾನೆಲ್.

ಬಾಸ್ ಇಷ್ಟಕ್ಕೆ ಬಗ್ಗುವುದಿಲ್ಲ. ಉದ್ದ, ಅಗಲ, ಎತ್ತರದಿಂದಾಗಿ ಇದೇ ಕೋಣೆ 34, 43, 57 ಹರ್ಟ್ಸ್‌ನಲ್ಲಿ ಅನುರಣಿಸುತ್ತದೆ. ಸ್ಪೀಕರನ್ನು ಮೂಲೆಯಿಂದ ಹೊರತೆಗೆದು, ಕೂರುವ ಜಾಗವನ್ನು ಹಿಂದಿನ ಗೋಡೆಯಿಂದ ಮುಂದೆ ಸರಿಸಿ, ರೂಮ್ ಇಕ್ಯು ವಿಝಾರ್ಡ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಅಳೆಯುತ್ತಾ ಹೋಗುತ್ತೇನೆ. ಹೆಂಚಿನ ಮನೆಯಲ್ಲಿ ಈ ಕಾಟ ಕಡಿಮೆ, ಬಾಸ್ ಮಾಡಿನಿಂದ ಹೊರಗೆ ಸೋರಿಹೋಗುತ್ತದೆ. ಆರ್‌ಸಿಸಿ ಮನೆಯವರಿಗೆ ಆ ಭಾಗ್ಯವಿಲ್ಲ.

ಪ್ಯಾನೆಲ್‌ಗಳನ್ನು ಗೋಡೆಗೆ ಅಂಟಿಸದೆ ಎರಡಿಂಚು ಬಿಟ್ಟು ನೇತುಹಾಕಿ. ಹಿಂದೆ ಗಾಳಿಯಿದ್ದರೆ ಇನ್ನೂ ಕೆಳಗಿನ ಸ್ವರಗಳನ್ನು ಹೀರುತ್ತದೆ, ಬಟ್ಟೆಗೆ ಬೂಷ್ಟು ಹಿಡಿಯುವುದೂ ಕಡಿಮೆ. ಆಗಸ್ಟಿನಲ್ಲಿ ಒಮ್ಮೆ ಇಳಿಸಿ ಹಿಂಬದಿ ನೋಡಿ. ಕಪ್ಪು ಚುಕ್ಕೆ ಕಂಡರೆ ಬಟ್ಟೆ ಬಿಚ್ಚಿ ಒಗೆದು ಹಾಕಿ, ರಾಕ್‌ವೂಲ್ ಒಣಗಿಸಿಕೊಂಡರೆ ಸಾಕು.