ಅರ್ಹತೆ ಪೂರ್ತಿ ಇಲ್ಲ ಅನ್ನಿಸಿದಾಗ ಅರ್ಜಿ ಹಾಕುವುದು ಹೇಗೆ?

ದಾವಣಗೆರೆಯಿಂದ ಅಕ್ಕನ ಮಗಳು ಒಂದು ಉದ್ಯೋಗದ ಜಾಹೀರಾತು ಕಳಿಸಿದ್ದಳು. ಪೀಣ್ಯದ ಸಣ್ಣ ಕಾರ್ಖಾನೆಯೊಂದಕ್ಕೆ ಲೆಕ್ಕಪತ್ರ ಸಹಾಯಕರು ಬೇಕು: ಬಿ.ಕಾಂ., ಮೂರು ವರ್ಷದ ಅನುಭವ, ಟ್ಯಾಲಿ (ಲೆಕ್ಕ ಬರೆಯುವ ತಂತ್ರಾಂಶ), ಜಿಎಸ್‌ಟಿ, ಎಕ್ಸೆಲ್, ಒಳ್ಳೆಯ ಇಂಗ್ಲಿಷ್, ಎಸ್‌ಎಪಿ (ಕಂಪನಿಯ ಲೆಕ್ಕ, ವ್ಯವಹಾರ ನೋಡಿಕೊಳ್ಳುವ ಇನ್ನೊಂದು ತಂತ್ರಾಂಶ) ಗೊತ್ತಿದ್ದರೆ ಆದ್ಯತೆ. ಕೆಳಗೆ ಅವಳದೇ ತೀರ್ಪು: ‘ನನಗೆ ಇದರಲ್ಲಿ ಅರ್ಧವೂ ಬರುವುದಿಲ್ಲ, ಬಿಡಿ.’ ಅಡಿಕೆ ಮಂಡಿಯಲ್ಲಿ ಎರಡು ವರ್ಷ ಲೆಕ್ಕ ಬರೆದ ಹುಡುಗಿ ಹೀಗೆಂದಾಗ ನನಗೆ ಸಂಕಟವಾಯಿತು. ಬೇಡವೆನ್ನುವ ಕೆಲಸ ಕಂಪನಿಯದು. ಅದನ್ನು ನಾವೇ ಯಾಕೆ ಮಾಡಿಕೊಡಬೇಕು?

ಮೊದಲು ಜಾಹೀರಾತನ್ನು ಕಾಗದದ ಮೇಲೆ ಬರೆದುಕೊಂಡು ಪೆನ್ಸಿಲ್ ಹಿಡಿಯಿರಿ. ಕಾನೂನು ಅಥವಾ ನಿಯಮ ಕೇಳುವ ಅರ್ಹತೆಗೆ ಅಡಿಗೆರೆ ಎಳೆಯಿರಿ. ನರ್ಸ್‌ಗೆ ಕೌನ್ಸಿಲ್ ನೋಂದಣಿ, ಲಾರಿ ಚಾಲಕನಿಗೆ ಭಾರಿ ವಾಹನದ ಪರವಾನಗಿ ಇಂಥವು. ಇವು ಇಲ್ಲದಿದ್ದರೆ ಆ ಕೆಲಸ ಸದ್ಯಕ್ಕೆ ನಿಮ್ಮದಲ್ಲ. ಸರ್ಕಾರಿ ನೇಮಕಾತಿಯೂ ಹಾಗೆಯೇ: ಕೆಪಿಎಸ್‌ಸಿಯಂಥ ಸಂಸ್ಥೆಗಳ ಅಧಿಸೂಚನೆಯಲ್ಲಿರುವ ವಯಸ್ಸು, ವಿದ್ಯಾರ್ಹತೆಗಳಲ್ಲಿ ರಿಯಾಯಿತಿ ಇದ್ದರೆ ಅಲ್ಲಿಯೇ ಬರೆದಿರುತ್ತದೆ. ‘ಸ್ವಲ್ಪ ಕಡಿಮೆ ಇದೆ, ನೋಡೋಣ’ ಎಂದರೆ ಶುಲ್ಕ ಕಟ್ಟಿದ್ದೂ ವ್ಯರ್ಥ.

ಖಾಸಗಿ ಕಂಪನಿಯ ಪಟ್ಟಿ ಬೇರೆ ಜಾತಿಯದು. ಅಲ್ಲಿ ಅಗತ್ಯದ ಜೊತೆಗೆ ಆಸೆಯೂ ಸೇರಿರುತ್ತದೆ, ಕೆಲವೊಮ್ಮೆ ತಪ್ಪೂ ಇರುತ್ತದೆ. ಫಾಸ್ಟ್‌ಎಪಿಐ ಎಂಬ ತಂತ್ರಾಂಶ ರೂಪಿಸಿದ ಸೆಬಾಸ್ಟಿಯನ್ ರಮಿರೆಝ್ 2020ರಲ್ಲಿ ಒಂದು ಜಾಹೀರಾತು ಕಂಡರು. ಅದರಲ್ಲಿ ಫಾಸ್ಟ್‌ಎಪಿಐನಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚಿನ ಅನುಭವ ಕೇಳಿದ್ದರು. ಅದನ್ನು ಅವರು ಸೃಷ್ಟಿಸಿ ಆಗ ಒಂದೂವರೆ ವರ್ಷವಷ್ಟೇ ಆಗಿತ್ತು! ಆದ್ದರಿಂದ ‘ಆದ್ಯತೆ’ ಎಂದಿರುವುದನ್ನು ಪಕ್ಕಕ್ಕಿಡಿ. ಉಳಿದವುಗಳಲ್ಲಿ ದಿನನಿತ್ಯದ ಕೆಲಸ ಯಾವುದು ಎಂದು ಹುಡುಕಿ. ಸಾಮಾನ್ಯವಾಗಿ ಎರಡೋ ಮೂರೋ ಸಿಗುತ್ತವೆ. ಅವು ನಿಮಗೆ ಬರುತ್ತವೆ ಎಂದಾದರೆ ಅರ್ಜಿ ಹಾಕಿ.

ಇನ್ನು ನಿಜವಾದ ಶ್ರಮದ ಭಾಗ: ನೀವು ಮಾಡಿದ ಕೆಲಸವನ್ನು ಅವರಿಗೆ ತಿಳಿಯುವಂತೆ ಬರೆಯುವುದು. ಅಕ್ಕನ ಮಗಳ ರೆಸ್ಯೂಮೆಯಲ್ಲಿ ಇದ್ದದ್ದು ‘ಮಂಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದೆ’ ಎಂಬ ಒಂದೇ ಸಾಲು. ದಿನವೂ ಏನು ಮಾಡುತ್ತಿದ್ದೆ ಎಂದು ಕೆದಕಿ ಕೇಳಿದೆ. ಒಂದೊಂದಾಗಿ ಹೊರಬಂತು. ಬಿಲ್ಲುಗಳನ್ನು ಟ್ಯಾಲಿಗೆ ಏರಿಸುವುದು, ಬ್ಯಾಂಕ್ ಪಾಸ್‌ಬುಕ್‌ ಜೊತೆ ತಾಳೆ ನೋಡುವುದು, ತಿಂಗಳ 11ರೊಳಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ರಿಟರ್ನ್‌ಗೆ, 20ರೊಳಗೆ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ ರಿಟರ್ನ್‌ಗೆ ಅಂಕಿ ಸಿದ್ಧಪಡಿಸಿ ಆಡಿಟರ್‌ಗೆ ಕಳಿಸುವುದು. ಇದು ಅನುಭವವಲ್ಲದೆ ಮತ್ತೇನು? ಅಷ್ಟನ್ನೂ ಬರೆಸಿದೆ. ಅಂಗಡಿ, ಮಂಡಿ, ಮನೆಪಾಠ, ಸ್ವಸಹಾಯ ಸಂಘದ ಪುಸ್ತಕ, ಯಾವುದನ್ನೂ ಸಣ್ಣದೆಂದು ಬಿಡಬೇಡಿ.

ಕೊರತೆಯನ್ನು ಮುಚ್ಚಿಡಬೇಡಿ, ಅದಕ್ಕಾಗಿ ಅಂಗಲಾಚಲೂ ಬೇಡಿ. ಅರ್ಜಿಯ ಜೊತೆಗಿನ ಪತ್ರದಲ್ಲಿ ಅವಳು ಬರೆದದ್ದು ಇಷ್ಟೇ: ‘ರಿಟರ್ನ್‌ಗೆ ಬೇಕಾದ ಅಂಕಿಗಳನ್ನು ಎರಡು ವರ್ಷ ನಾನೇ ಸಿದ್ಧಪಡಿಸಿದ್ದೇನೆ, ಪೋರ್ಟಲ್‌ನಲ್ಲಿ ಸಲ್ಲಿಸುತ್ತಿದ್ದವರು ಆಡಿಟರ್. ಎಸ್‌ಎಪಿ ಬಳಸಿಲ್ಲ. ಟ್ಯಾಲಿಯನ್ನು ಕೆಲಸ ಮಾಡುತ್ತಲೇ ಕಲಿತೆ.’ ‘ಕ್ಷಮಿಸಿ, ನನಗೆ ಮೂರು ವರ್ಷ ಆಗಿಲ್ಲ’ ಎಂದು ಆರಂಭಿಸಿದ್ದ ಸಾಲನ್ನು ನಾನೇ ಹೊಡೆದುಹಾಕಿದೆ. ಎರಡು ವರ್ಷವನ್ನು ಮೂರು ಮಾಡುವ ಆಸೆ ಮಾತ್ರ ಖಂಡಿತ ಬೇಡ. ಹಿಂದಿನ ಮಾಲೀಕರಿಗೆ ಒಂದು ಫೋನ್ ಹೋದರೆ ಇದ್ದ ಎರಡು ವರ್ಷವನ್ನೂ ಯಾರೂ ನಂಬುವುದಿಲ್ಲ.

ಸಂದರ್ಶನಕ್ಕೆ ಕರೆದರೆ ‘ಇದು ಬರುತ್ತದೆಯೇ?’ ಎಂಬ ಪ್ರಶ್ನೆಗೆ ಬರಿಯ ‘ಇಲ್ಲ’ ಎಂದು ನಿಲ್ಲಿಸಬೇಡಿ. ‘ಇದನ್ನು ಮಾಡಿಲ್ಲ, ಇದಕ್ಕೆ ಹತ್ತಿರದ ಈ ಕೆಲಸ ಮಾಡಿದ್ದೇನೆ’ ಎಂದು ಒಂದು ನಿಜವಾದ ಪ್ರಸಂಗ ಹೇಳಿ. ಕನ್ನಡ ಮಾಧ್ಯಮದವರು ಇಂಗ್ಲಿಷ್‌ಗೆ ಹೆದರುವುದನ್ನು ಬಹಳ ಕಂಡಿದ್ದೇನೆ. ನಿಮ್ಮ ಕೆಲಸದ ಬಗ್ಗೆ ಐದಾರು ವಾಕ್ಯಗಳನ್ನು ನೀವೇ ಬರೆದು, ಮನೆಯವರೆದುರು ಗಟ್ಟಿಯಾಗಿ ಹತ್ತು ಸಲ ಹೇಳಿ ಹೋಗಿ.

ಕೆಲಸ ಕೊಡಿಸಲು ನೋಂದಣಿ ಶುಲ್ಕ, ಠೇವಣಿ ಎಂದು ಯಾರಾದರೂ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಅರ್ಜಿ ಕಳಿಸಿದ ದಿನಾಂಕವನ್ನು ಪುಸ್ತಕದಲ್ಲಿ ಗುರುತು ಹಾಕಿ. ಹತ್ತು ದಿನವಾದರೂ ಉತ್ತರ ಬಾರದಿದ್ದರೆ ಎರಡು ಸಾಲಿನ ಇಮೇಲ್ ಕಳಿಸಿ, ಅದೇ ಪುಟದಲ್ಲಿ ಮುಂದಿನ ಕಂಪನಿಯ ಹೆಸರು ಬರೆಯಿರಿ.