ಕನ್ನಡದಲ್ಲೂ ಕ್ರಿಪ್ಟಿಕ್ ಪದಬಂಧ ಆಗುತ್ತದೆ: ನನ್ನ ಅನುಭವ

"ಕನ್ನಡದಾಗ ಕ್ರಿಪ್ಟಿಕ್ ಆಗಂಗಿಲ್ಲ, ಸುಮ್ನೆ ಬಿಡ್ರಿ" ಅಂದವರೇ ಈಗ ನನ್ನ ಭಾನುವಾರದ ಪದಬಂಧದ ಹಾಳೆ ಬಂತಾ ಅಂತ ಫೋನ್ ಮಾಡುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕ್ರಿಪ್ಟಿಕ್ ಅಂದರೆ ಸುಳಿವಿನಲ್ಲಿ ಉತ್ತರದ ಅರ್ಥವೂ ಇರುತ್ತದೆ, ಅಕ್ಷರಗಳ ಆಟವೂ ಅಡಗಿರುತ್ತದೆ.

ಇವರೆಲ್ಲ 'ದಿ ಹಿಂದೂ' ಪತ್ರಿಕೆಯ ಇಂಗ್ಲಿಷ್ ಕ್ರಿಪ್ಟಿಕ್ ಪದಬಂಧವನ್ನು ಚಹಾ ಆರುವುದರೊಳಗೆ ತುಂಬುವವರು. ಇಂಗ್ಲಿಷ್‌ನಲ್ಲಿ ಬಿಡಿ ಅಕ್ಷರ ಸಿಗುತ್ತದೆ, ನಮ್ಮಲ್ಲಿ ಕಾಗುಣಿತ, ಒತ್ತು ಅಂಟಿಕೊಂಡೇ ಇರುತ್ತದೆ ಅನ್ನೋದು ಅವರ ವಾದ. ಅದೇನೋ ನಿಜ. ಸ್ವರ, ವ್ಯಂಜನ ಬಿಡಿಸಿ ಕಲಸಿದ ಮೊದಲ ಹಾಳೆಗಳನ್ನು ಯಾರೂ ಬಿಡಿಸಲಿಲ್ಲ. ನಮ್ಮ ಬಳ್ಳಾರಿಯ ರಾಯಲ್ ಸರ್ಕಲ್ ಹತ್ತಿರ ಜೆರಾಕ್ಸ್ ಮಾಡಿಸಿ, ಎರಡು ರೂಪಾಯಿಗೊಂದರಂತೆ ಮಾರಲು ಹೋಗಿ ಎರಡು ಸಾವಿರದ ಮೇಲೆ ಕಳೆದೆ. ಬಹುಮಾನಕ್ಕಿಟ್ಟ ನೂರು ರೂಪಾಯಿ ಮಾತ್ರ ಉಳಿಯಿತು, ಗೆದ್ದವರೇ ಇಲ್ಲವಲ್ಲ!

ಆಮೇಲೆ ಚೌಕಕ್ಕೊಂದು ಪೂರ್ತಿ ಅಕ್ಷರ, ಅದನ್ನು ಒಡೆಯುವ ಹಾಗಿಲ್ಲ ಅಂತ ಕಟ್ಟು ಮಾಡಿಕೊಂಡೆ. ಅಲ್ಲಿಂದ ದಾರಿ ಸಿಕ್ಕಿತು. ಆವರಣದ ಅಂಕೆ ಉತ್ತರದ ಅಕ್ಷರಗಳ ಲೆಕ್ಕ. "ಹಿಂದಕ್ಕೆ ಹರಿದ ನದಿ, ಹಗಲು (2)": 'ನದಿ' ತಿರುಗಿಸಿದರೆ ದಿನ. "ದೊರೆಗೊಂದು ತುಂಡು ಸಿಕ್ಕ ಊರು (4)": ರಾಯನಿಗೆ ಚೂರು, ರಾಯಚೂರು. "ನಾಗರಿಕನೊಳಗೆ ಬಚ್ಚಿಟ್ಟ ಪುಕ್ಕ (2)": 'ನಾಗರಿಕ'ದ ನಡುವಿನ ಗರಿ. ನನಗೆ ಜಾಸ್ತಿ ಇಷ್ಟವಾದದ್ದು "ಮನುಷ್ಯನ ನಡುವೆ ಗಣಪನ ತಲೆಯಿಟ್ಟರೆ ಪಟ್ಟಣ (3)". ನರನ ನಡುವೆ ಗ, ನಗರ. ಇಂಗ್ಲಿಷ್ ಪಂಡಿತರೂ ತಲೆದೂಗಿದರು. ಒಬ್ಬರು ಮಾತ್ರ 'ಮನುಷ್ಯನ' ಅಂದರೆ 'ನರನ' ಆಗಬೇಕಲ್ಲ ಅಂತ ಜಗಳ ತೆಗೆದರು. ವಿಭಕ್ತಿಯನ್ನು ಲೆಕ್ಕಕ್ಕೆ ಹಿಡಿಯಬಾರದು. ಹಿಡಿದರೆ ಕನ್ನಡದಲ್ಲಿ ಇಂಥ ಸುಳಿವು ನಿಲ್ಲೋದೇ ಇಲ್ಲ.

ಅಕ್ಷರ ಕಲಸುವ ಸುಳಿವು ಕಡಿಮೆ ಮಾಡಿ. ಬೇರೆಬೇರೆ ಮೂರಕ್ಷರಕ್ಕೆ ಇರುವುದೇ 6 ಜೋಡಣೆ, ನಾಲ್ಕಕ್ಕೆ 24. ಇಂಗ್ಲಿಷ್‌ನಲ್ಲಿ ಏಳಕ್ಷರದ ಪದ ಸಲೀಸಾಗಿ ಸಿಗುತ್ತದೆ, ಅದಕ್ಕೆ 5,040. ನಮ್ಮದನ್ನು ಹುಡುಗರೂ ಬೆರಳೆಣಿಸಿ ಬಿಡಿಸುತ್ತಾರೆ. ಒತ್ತಕ್ಷರದ ಪದಗಳನ್ನು ಅಡ್ಡಕ್ಕೂ ಉದ್ದಕ್ಕೂ ಕೂಡಿಸೋಕೆ ನನ್ನದೊಂದು ಉಪಾಯ ಇದೆ. ಅದು ನನ್ನ ಹತ್ತಿರವೇ ಇರಲಿ.

ನಡುವೆ ತೆಲುಗನ್ನೂ ಬೆರೆಸಿ ನೋಡಿದೆ. ಬಳ್ಳಾರಿ ಅಲ್ವಾ! "ತೆಲುಗರ ಹಾಲು, ನಮ್ಮ ಭಾಗ (2)": ಪಾಲು. ಕೌಲ್ ಬಜಾರಿನಲ್ಲಿ ಚೆನ್ನಾಗಿ ನಡೆಯಿತು. ಹುಬ್ಬಳ್ಳಿಯ ಗೆಳೆಯರು ಬೈದರು, ನಿಲ್ಲಿಸಿದೆ.

ಈಗ ವಾರಕ್ಕೆ ಎಂಬತ್ತು ತೊಂಬತ್ತು ಹಾಳೆ ಹೋಗುತ್ತವೆ. ಜೆರಾಕ್ಸ್ ಖರ್ಚು ಕಳೆದು ಮಿರ್ಚಿ ಮಂಡಕ್ಕಿಗೆ ಆಗುವಷ್ಟು ಉಳಿಯುತ್ತದೆ. ಈ ವಾರದ್ದೊಂದು ಕೊಡುತ್ತೇನೆ: "ಬರದ ಹಿಂದೆ ದಾಹದ ಕೊನೆ ಸೇರಿದ ಲೇಖನ (3)". ಉತ್ತರ ಕೇಳಬೇಡಿ, ಮುಂದಿನ ಹಾಳೆಯಲ್ಲಿ ಬರುತ್ತದೆ.