ಮೊದಲು ಹಾರಾಟ, ಆಮೇಲೆ ಕಾಳು: ಕೊಡಗಿನಲ್ಲಿ ಕಾಕಟೀಲ್ ಮರಿಗಳಿಗೆ ಗುಟುಕು ಬಿಡಿಸಿದ ನನ್ನ ಅನುಭವ

ಮರಿ ಹಾರುವ ಮೊದಲೇ ರೆಕ್ಕೆ ಕತ್ತರಿಸಿ, ದಿನಕ್ಕೆ ನಾಲ್ಕು ಸಲ ಸಿರಿಂಜಿನಲ್ಲಿ ಕೊಡುತ್ತಿದ್ದ ಗುಟುಕನ್ನು ಎರಡಕ್ಕೆ, ಎರಡನ್ನು ಒಂದಕ್ಕೆ ಇಳಿಸಿ, ಹೊಟ್ಟೆ ಹಸಿದರೆ ಕಾಳು ತಾನಾಗಿ ತಿನ್ನುತ್ತದೆ ಎಂದು ಕಾಯುವುದು ಕಾಕಟೀಲ್ ಎಂಬ ಜುಟ್ಟಿನ ಸಣ್ಣ ಗಿಳಿಯನ್ನು ಸಾಕುವವರಲ್ಲಿ ಹೆಚ್ಚಿನವರು ಹಿಡಿದಿರುವ ದಾರಿ. ಮೊದಲ ಎರಡು ಮೂರು ವರ್ಷ ನಾನೂ ಅದೇ ದಾರಿಯಲ್ಲಿ ನಡೆದು, ಹತ್ತರಲ್ಲಿ ಮೂರು ನಾಲ್ಕು ಮರಿಗಳನ್ನು ಗುಟುಕು ಬಿಡಿಸುವ ಹಂತದಲ್ಲಿಯೇ ಕಳೆದುಕೊಳ್ಳುತ್ತಿದ್ದೆ. ಈಗ ರೆಕ್ಕೆ ಮುಟ್ಟುವುದಿಲ್ಲ, ಸಿರಿಂಜನ್ನು ನಾನಾಗಿ ನಿಲ್ಲಿಸುವುದೂ ಇಲ್ಲ. ಮರಿ ಚೆನ್ನಾಗಿ ಹಾರಿ, ಇಳಿಯಲು ಕಲಿತು, ಸಿರಿಂಜ್ ಕಂಡಾಗ ಮುಖ ತಿರುಗಿಸುವವರೆಗೂ ಗುಟುಕು ಕೊಡುತ್ತೇನೆ. ಹೀಗೆ ಮಾಡಿದರೆ ಹಕ್ಕಿ ಕೈಗೆ ಬರುವುದಿಲ್ಲ, ಆರು ತಿಂಗಳಾದರೂ ಸಿರಿಂಜಿಗೆ ಬಾಯಿ ತೆರೆಯುತ್ತಲೇ ಇರುತ್ತದೆ ಎಂದು ಮೈಸೂರಿನ ವ್ಯಾಪಾರಿಯೊಬ್ಬರು ನಕ್ಕಿದ್ದರು. ಈಚಿನ ಮೂರು ಹಂಗಾಮುಗಳಲ್ಲಿ ಸಾಕಿದ ಮೂವತ್ತರ ಆಸುಪಾಸಿನ ಮರಿಗಳಲ್ಲಿ ನಾನು ಕಳೆದುಕೊಂಡದ್ದು ಎರಡನ್ನೋ ಮೂರನ್ನೋ ಮಾತ್ರ, ಮತ್ತು ಅದೇ ವ್ಯಾಪಾರಿಗಳು ಈಗ ನನ್ನ ಮರಿಗಳಿಗೆ ಮುಂಗಡ ಕೊಡುತ್ತಿದ್ದಾರೆ.

ಕಾಕಟೀಲ್ ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲುಗಳ ಹಕ್ಕಿ; ಮಳೆ, ಮಂಜು, ಬೂಷ್ಟು ಅದಕ್ಕೆ ಒಗ್ಗಿದವಲ್ಲ. ಕುಶಾಲನಗರದ ಕಡೆ ಮಳೆಯೂ ಕಡಿಮೆ, ಸೆಕೆಯೂ ಇರುವುದರಿಂದ ಅಲ್ಲಿಯ ಸ್ನೇಹಿತರು ವರ್ಷವಿಡೀ ಮರಿ ತೆಗೆಯುತ್ತಾರೆ. ಸುಂಟಿಕೊಪ್ಪದಿಂದ ಮೇಲಕ್ಕೆ, ಮಡಿಕೇರಿಯ ದಿಕ್ಕಿನಲ್ಲಿರುವ ನನ್ನಂಥವರಿಗೆ ಅವರ ಲೆಕ್ಕ ನಡೆಯುವುದಿಲ್ಲ. ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆಯಲ್ಲಿ ಗೂಡುಪೆಟ್ಟಿಗೆ ತೂಗಿ ಮರಿ ತೆಗೆದ ವರ್ಷ ಪೆಟ್ಟಿಗೆಯ ಹೊಟ್ಟು ಮೂರು ದಿನಕ್ಕೆ ಹಸಿರಾಯಿತು, ಮೂರು ದಿನ ವಿದ್ಯುತ್ ಇರಲಿಲ್ಲ, ಬಾಯಲ್ಲಿ ಬಿಳಿ ಪೊರೆ ಬಂದ ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ಆದ್ದರಿಂದ ಈಗ ಮೇ ಕೊನೆಗೆ ಪೆಟ್ಟಿಗೆಗಳನ್ನೆಲ್ಲ ಇಳಿಸಿ, ಗಂಡು ಹೆಣ್ಣುಗಳನ್ನು ಬೇರೆ ಮಾಡಿ, ಸೆಪ್ಟೆಂಬರ್ ಮೊದಲಿನ ಹಬ್ಬವಾದ ಕೈಲ್‌ಪೊಳ್ದ್ ಮುಗಿದ ಮೇಲೆಯೇ ಮತ್ತೆ ಕೂಡಿಸುತ್ತೇನೆ. ಸೆಪ್ಟೆಂಬರ್ ಕೊನೆಗೆ ಮೊಟ್ಟೆ, 18ರಿಂದ 21 ದಿನದ ಕಾವು, ಅಕ್ಟೋಬರ್ ಎರಡನೆಯ ಭಾಗದಲ್ಲಿ ಮರಿ, ನವೆಂಬರ್ ಕೊನೆಗೆ ಹಾರಾಟ, ಡಿಸೆಂಬರ್ ಕೊನೆಯ ಒಣ ಹವೆಯಲ್ಲಿ ಗುಟುಕು ಬಿಡಿಸುವುದು. ಜನವರಿಯಲ್ಲಿ ಎರಡನೆಯ ಸೂಲು. ಮೂರು ಜೋಡಿಗಳಿಂದ ಇದಕ್ಕಿಂತ ಹೆಚ್ಚು ಕೇಳುವುದು ತಾಯಿಹಕ್ಕಿಗೆ ಅನ್ಯಾಯ.

ಮರಿಗಳನ್ನು ಪೆಟ್ಟಿಗೆಯಿಂದ ತೆಗೆಯುವುದು 18ರಿಂದ 20ನೆಯ ದಿನದ ನಡುವೆ. ಹತ್ತು ಹನ್ನೆರಡನೆಯ ದಿನಕ್ಕೇ ತೆಗೆದರೆ ಹೆಚ್ಚು ಸಾಧುವಾಗುತ್ತವೆ ಎನ್ನುವವರಿದ್ದಾರೆ, ಆದರೆ ಆ ವಯಸ್ಸಿಗೆ ರಾತ್ರಿಯೂ ಗುಟುಕು ಬೇಕು, 30 ಡಿಗ್ರಿಯ ಮೇಲಿನ ಕಾವೂ ಬೇಕು. ನಮ್ಮಲ್ಲಿ ಕರೆಂಟನ್ನು ನಂಬುವುದಕ್ಕಿಂತ ಹಗಲು ಗಂಡು, ರಾತ್ರಿ ಹೆಣ್ಣು ಎಂದು ಸರದಿಯಲ್ಲಿ ಕಾವು ಕೊಡುವ ತಂದೆತಾಯಿಯನ್ನು ನಂಬುವುದೇ ಅಗ್ಗ. ಮೂರು ವಾರ ಮೀರಿದರೆ ಮಾತ್ರ ಮರಿಗಳು ಬುಸುಗುಟ್ಟಿ ಹಿಂದೆ ಸರಿಯುತ್ತವೆ, ಆಮೇಲೆ ಸಾಧು ಮಾಡಲು ಒಂದು ವಾರ ಹೆಚ್ಚು ಹಿಡಿಯುತ್ತದೆ.

ಬಯಲುಸೀಮೆಯವರು ಬ್ರೂಡರಿನಲ್ಲಿ (ಮರಿಗಳನ್ನು ಬೆಚ್ಚಗಿಡುವ ಪೆಟ್ಟಿಗೆಯಲ್ಲಿ) ನೀರಿನ ಬಟ್ಟಲು ಇಡಲು ಹೇಳುತ್ತಾರೆ, ಮೀನುತೊಟ್ಟಿಯ ಹೀಟರನ್ನು ನೀರಿನ ಜಾಡಿಯಲ್ಲಿ ಮುಳುಗಿಸಿ ಕಾವು ಕೊಡುವವರೂ ಇದ್ದಾರೆ. ನಮ್ಮ ತೇವದಲ್ಲಿ ಎರಡೂ ಕೆಟ್ಟವು, ಥರ್ಮೋಕೋಲ್ ಪೆಟ್ಟಿಗೆಯ ಒಳಗೋಡೆ ಬೆವರಿ ಒರೆಸಿದಷ್ಟೂ ಬೂಷ್ಟು ಹಿಡಿಯಿತು. ಈಗ ಬೆಳಕು ಬೀರದ ಸೆರಾಮಿಕ್ ಹೀಟರ್, ತೆರೆದ ಮೇಲ್ಭಾಗಕ್ಕೆ ಕಾಟನ್ ಬಟ್ಟೆ, ಕರೆಂಟು ಹೋದರೆ ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ. ಮೂರನೆಯ ವಾರಕ್ಕೆ 28 ಡಿಗ್ರಿ, ನಾಲ್ಕನೆಯ ವಾರಕ್ಕೆ 25. ಕೆಳಗೆ ಹಾಸಲು ಕಾಫಿ ಸಿಪ್ಪೆ ಬಿಟ್ಟಿಯಾಗಿ ಸಿಗುತ್ತದಲ್ಲ ಎಂದು ಕೇಳಿದವರು ಬಹಳ. ಕೆಫೀನ್ ಹಕ್ಕಿಗಳಿಗೆ ವಿಷ, ಮತ್ತು ಈ ವಯಸ್ಸಿನ ಮರಿ ಕಾಲಡಿ ಸಿಕ್ಕಿದ್ದನ್ನೆಲ್ಲ ಕೊಕ್ಕಿಗೆ ಹಾಕುತ್ತದೆ. ಮರದ ಹೊಟ್ಟು ನುಂಗಿ ಕ್ರಾಪ್ (ಕುತ್ತಿಗೆಯ ಬುಡದಲ್ಲಿ ತಿಂದದ್ದು ತುಂಬಿಕೊಳ್ಳುವ ಚೀಲ) ಕಟ್ಟಿಕೊಂಡ ಮರಿಯನ್ನು ನೋಡಿದ ಮೇಲೆ ನಾನು ಹಳೆಯ ಹತ್ತಿ ಬಟ್ಟೆ ಮತ್ತು ಪತ್ರಿಕೆಗಳನ್ನು ಬಿಟ್ಟು ಬೇರೇನನ್ನೂ ಹಾಸುವುದಿಲ್ಲ.

ಫಾರ್ಮುಲಾ, ಅಂದರೆ ಮರಿಗಳಿಗೆ ಗುಟುಕು ಕಲಸಲು ಡಬ್ಬಿಯಲ್ಲಿ ಸಿಗುವ ಪುಡಿಯ ವಿಷಯದಲ್ಲಿ ಉಳಿತಾಯ ಮಾಡಲು ಹೋಗಿ ರಾಗಿ ಸರಿ, ಹುರಿಹಿಟ್ಟು, ಮೊಟ್ಟೆಯ ಹಳದಿ ಬೆರೆಸಿದ ಅಕ್ಕಿತರಿ ಗಂಜಿ ಎಲ್ಲವನ್ನೂ ಒಂದು ಸೂಲಿಗೆ ಪ್ರಯೋಗಿಸಿದ್ದೆ. ಮರಿಗಳು ಗುಟುಕಿಗೆ ಬಾಯಿ ತೆರೆದವು, ತೂಕ ಏರಲಿಲ್ಲ. ಕ್ರಾಪ್ ಬೆಳಿಗ್ಗೆಗೂ ಖಾಲಿಯಾಗದೆ ಹುಳಿವಾಸನೆ ಬಂತು. ಡಬ್ಬಿ ಫಾರ್ಮುಲಾಕ್ಕೆ ಮರಳಿದೆ. ಒಂದು ಸಲಕ್ಕೆ ಮರಿಯ ತೂಕದ ಹತ್ತನೆಯ ಒಂದು ಭಾಗ, ಅಂದರೆ 7ರಿಂದ 9 ಮಿ.ಲೀ., ದಿನಕ್ಕೆ ನಾಲ್ಕು ಸಲ, ರಾತ್ರಿ ಕ್ರಾಪ್ ಪೂರ್ತಿ ಬರಿದಾಗಲು ಬಿಡುವು. ಬಿಸಿ 39ರಿಂದ 41 ಡಿಗ್ರಿ ಇರಬೇಕೆಂಬುದು ನಿಮಗೆಲ್ಲ ಗೊತ್ತು, ಆದರೆ ಡಿಸೆಂಬರಿನ ಬೆಳಿಗ್ಗೆ 13 ಡಿಗ್ರಿಯ ಕೋಣೆಯಲ್ಲಿ ಮೊದಲ ಮರಿಗೆ ಸರಿಯಾಗಿದ್ದ ಗುಟುಕು ನಾಲ್ಕನೆಯ ಮರಿಯ ಹೊತ್ತಿಗೆ ತಣ್ಣಗಾಗಿರುತ್ತದೆ. ತಣ್ಣನೆಯ ಗುಟುಕನ್ನು ಮರಿ ಉಗುಳಿದರೆ ನಾವು ಅದನ್ನು ಗುಟುಕು ಬಿಡುವ ಲಕ್ಷಣವೆಂದು ತಿಳಿಯುತ್ತೇವೆ. ನನ್ನ ಅಂದಾಜಿನಲ್ಲಿ ಕೊಡಗಿನಲ್ಲಿ ಸಾಯುವ ಮರಿಗಳಲ್ಲಿ ಬಹುಪಾಲು ಈ ತಪ್ಪು ತಿಳಿವಳಿಕೆಯಿಂದಲೇ ಸಾಯುತ್ತವೆ. ಬಿಸಿನೀರಿನ ಪಾತ್ರೆಯೊಳಗೆ ಫಾರ್ಮುಲಾ ಬಟ್ಟಲು, ಪ್ರತಿ ಮರಿಗೂ ಮುನ್ನ ಥರ್ಮಾಮೀಟರ್. 43 ದಾಟಿದರೆ ಕ್ರಾಪ್ ಸುಡುತ್ತದೆ, ಆಮೇಲೆ ಏನು ಮಾಡಿದರೂ ದಂಡ.

ಇನ್ನು ಹಾರಾಟ. ನಾಲ್ಕು ವಾರ ಕಳೆದು ಐದನೆಯದಕ್ಕೆ ಕಾಲಿಡುವಾಗ ಮರಿ ಪೆಟ್ಟಿಗೆಯ ಅಂಚು ಹಿಡಿದು ರೆಕ್ಕೆ ಬಡಿಯುತ್ತದೆ, ಸಿರಿಂಜನ್ನು ತಳ್ಳುತ್ತದೆ, 90 ಗ್ರಾಂ ಹತ್ತಿರವಿದ್ದ ತೂಕ ನಾಲ್ಕೈದು ದಿನದಲ್ಲಿ 80ಕ್ಕೆ ಇಳಿಯುತ್ತದೆ. ಹಾರುವ ಹಕ್ಕಿ ಹಗುರಾಗಲೇಬೇಕು. ನೂರಕ್ಕೆ ಹತ್ತರಷ್ಟು ಇಳಿದರೆ ನಾನು ಹೆದರುವುದಿಲ್ಲ, ಒತ್ತಾಯದಿಂದ ತಿನ್ನಿಸುವುದೂ ಇಲ್ಲ. ಹದಿನೈದರ ಹತ್ತಿರ ಬಂದರೆ ಮಾತ್ರ ಹೊತ್ತಿಗೊಂದು ಗುಟುಕು ಹೆಚ್ಚಿಸುತ್ತೇನೆ. ಇದನ್ನು ಕಣ್ಣಳತೆಯಲ್ಲಿ ಹೇಳಲು ಯಾರಿಂದಲೂ ಆಗದು, ಆದ್ದರಿಂದ ಐನೂರು ಆರುನೂರು ರೂಪಾಯಿಯ ಗ್ರಾಂ ತಕ್ಕಡಿಯಲ್ಲಿ ಪ್ರತಿದಿನ ಬೆಳಿಗ್ಗೆ, ಕ್ರಾಪ್ ಖಾಲಿ ಇರುವಾಗ, ತೂಗಿ ಗೋಡೆಯ ಮೇಲೆ ಬರೆಯುತ್ತೇನೆ. ನಮ್ಮವರು ಅವಸರದಲ್ಲಿ ರೆಕ್ಕೆ ಕತ್ತರಿಸುವುದು ಇದೇ ವಾರದಲ್ಲಿ. ಹಾರಲು ಹೋಗಿ ಬಿದ್ದ ಮರಿ ಮೂಲೆ ಸೇರಿ ಕೂರುತ್ತದೆ, ಕಾಳಿನ ತಟ್ಟೆಯವರೆಗೂ ಹೋಗುವುದಿಲ್ಲ, ಸಿರಿಂಜಿಗೇ ಅಂಟಿಕೊಳ್ಳುತ್ತದೆ. ಹಾರಿ ಗೆದ್ದ ಮರಿ ಕುತೂಹಲದಿಂದ ಎಲ್ಲವನ್ನೂ ಕುಕ್ಕುತ್ತದೆ. ಒಂದೇ ಸೂಲಿನ ಎರಡು ಮರಿಗಳ ರೆಕ್ಕೆ ಕತ್ತರಿಸಿ ಎರಡನ್ನು ಹಾಗೆಯೇ ಬಿಟ್ಟು ನೋಡಿದಾಗ ಕತ್ತರಿಸಿದವು ಕಾಳಿಗೆ ಬರಲು ಎರಡು ವಾರ ಹೆಚ್ಚು ತೆಗೆದುಕೊಂಡವು. ಆಮೇಲೆ ನನಗೆ ಯಾರ ಉಪದೇಶವೂ ಬೇಕಾಗಲಿಲ್ಲ.

ಹಾರಾಟಕ್ಕೆ ಕಾಫಿ ಚೀಲ ಇಡುತ್ತಿದ್ದ ಹತ್ತಡಿ ಹನ್ನೆರಡಡಿಯ ಕೋಣೆ ಖಾಲಿ ಮಾಡಿಕೊಂಡೆ. ಕಿಟಕಿಯ ಗಾಜಿಗೆ ಹಳೆಯ ಬೆಡ್‌ಶೀಟ್, ಫ್ಯಾನಿನ ತಂತಿಯನ್ನೇ ಕಿತ್ತಿಟ್ಟಿದ್ದೇನೆ, ಅಡ್ಡಕೋಲುಗಳು ಸೀಬೆ ಕೊಂಬೆಯವು. ತೋಟದಲ್ಲಿ ಧಾರಾಳವಾಗಿ ಸಿಗುವ ಬೆಣ್ಣೆಹಣ್ಣಿನ ಕೊಂಬೆಯಾಗಲಿ ಎಲೆಯಾಗಲಿ ಹಣ್ಣಾಗಲಿ ಆ ಕೋಣೆಯ ಹತ್ತಿರ ಸುಳಿಯಬಾರದು, ಅದು ಹಕ್ಕಿಗಳ ಹೃದಯವನ್ನೇ ನಿಲ್ಲಿಸುವ ವಿಷ. ಅಡುಗೆಮನೆಯ ಪಕ್ಕದ ಕೋಣೆಯಾದರೆ ಒಲೆಯ ಹೊಗೆ ಮತ್ತು ಕಾದ ನಾನ್‌ಸ್ಟಿಕ್ ತವೆಯ ಹಬೆ ಎರಡನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಮರಿಗಳಿಗೆ ಮೇಲೇರುವುದು ಸುಲಭ, ಇಳಿಯುವುದೇ ಕಷ್ಟ. ಮೊದಲ ವಾರ ಪರದೆಯ ಕಂಬಿಯ ಮೇಲೆ ಕುಳಿತು ಕೂಗುತ್ತವೆ. ಏಣಿ ಹಾಕಿ ಇಳಿಸಬೇಡಿ. ಕೆಳಗೆ ಅಡ್ಡಕೋಲನ್ನು ಮೆಟ್ಟಿಲಿನಂತೆ ಕಟ್ಟಿ, ಗುಟುಕಿನ ಹೊತ್ತಿಗೆ ಬಟ್ಟಲು ತೋರಿಸಿದರೆ ತಾವೇ ಇಳಿಯುವುದನ್ನು ಕಲಿಯುತ್ತವೆ, ಮತ್ತು ಕೈಗೆ ಬರುವುದನ್ನೂ ಅಲ್ಲಿಯೇ ಕಲಿಯುತ್ತವೆ. ನಕ್ಕ ವ್ಯಾಪಾರಿಗೆ ಇದೇ ನನ್ನ ಉತ್ತರ.

ಕಾಡಿನಲ್ಲಿ ಕಾಕಟೀಲ್ ನೆಲದ ಮೇಲೆ ಹುಲ್ಲುಬೀಜ ಆರಿಸಿ ತಿನ್ನುವ ಹಕ್ಕಿ. ಪಂಜರಕ್ಕೆ ತೂಗಿದ ಬಟ್ಟಲಿಗೆ ಮರಿ ಬರಲಿಲ್ಲವೆಂದು ದೂರುವವರು ಒಮ್ಮೆ ನೆಲದ ಮೇಲೆ ಅಗಲವಾದ ತಟ್ಟೆ ಇಟ್ಟು ನೋಡಲಿ. ಬಿಡಿಸಿದ ನವಣೆ, ಸಾಮೆ, ಬರಗು, ಸ್ವಲ್ಪ ಓಟ್ಸ್, ಸಿಪ್ಪೆಸಹಿತ ಬೇಯಿಸಿ ಪುಡಿ ಮಾಡಿದ ಮೊಟ್ಟೆ, ಮೊಳಕೆ ಬಂದ ಹೆಸರುಕಾಳು, ಎಳೆ ಜೋಳದ ತೆನೆ, ನುಗ್ಗೆಸೊಪ್ಪು, ಇವೆಲ್ಲ ಬೆಳಗಿನಿಂದ ಸಂಜೆಯವರೆಗೆ ಮರಿಯ ಕಾಲಡಿಯಲ್ಲಿರಬೇಕು. ಹಸಿಯವನ್ನು ಮೂರು ನಾಲ್ಕು ಗಂಟೆಗೊಮ್ಮೆ ಎಸೆದು ಹೊಸದು ಇಡುವುದು ನಮ್ಮ ಹವೆಯಲ್ಲಿ ಕಡ್ಡಾಯ. ಎಲ್ಲಕ್ಕಿಂತ ಮೊದಲು ಮರಿ ಹಿಡಿಯುವುದು ನವಣೆಯ ಇಡೀ ತೆನೆಯನ್ನು. ಬಯಲುಸೀಮೆಯಿಂದ ತರಿಸಿದ ತೆನೆ ಇಲ್ಲಿ ವಾರಕ್ಕೆ ಮುಗ್ಗಲಾಗುತ್ತದೆ, ನನ್ನದು ಆರು ತಿಂಗಳು ಗರಿಗರಿಯಾಗಿ ಉಳಿಯುತ್ತದೆ. ಅದನ್ನು ಹೇಗೆ ಇಡುತ್ತೇನೆ ಎಂಬುದನ್ನು ಮನೆಗೆ ಬಂದವರಿಗೆ ತೋರಿಸುತ್ತೇನೆ, ಇಲ್ಲಿ ಬರೆಯುವುದಿಲ್ಲ. ಗುಟುಕಿಗೆ ಕೊನೆಯ ಹತ್ತು ದಿನ ಬೆರೆಸುವ ಒಂದು ಪುಡಿಯ ವಿಷಯವೂ ಹಾಗೆಯೇ.

ಕುಕ್ಕುವುದೆಲ್ಲ ತಿನ್ನುವುದಲ್ಲ. ತಟ್ಟೆಯಲ್ಲಿ ಒಡೆದ ಸಿಪ್ಪೆ ಕಾಣಬೇಕು, ಸಂಜೆ ಕ್ರಾಪ್ ಮುಟ್ಟಿದರೆ ಒಳಗೆ ಕಾಳಿನ ಗರಗರ ಸಿಗಬೇಕು, ಬೆಳಗಿನ ತೂಕ ಮೂರು ನಾಲ್ಕು ದಿನ ಅಲುಗದೆ ನಿಲ್ಲಬೇಕು. ಆಗ ಮರಿ ಮಧ್ಯಾಹ್ನದ ಗುಟುಕನ್ನು ತಾನೇ ಬಿಡುತ್ತದೆ, ಆಮೇಲೆ ಬೆಳಗಿನದನ್ನು. ರಾತ್ರಿಯದು ಕೊನೆಗೆ, ಎಂಟೊಂಬತ್ತನೆಯ ವಾರಕ್ಕೆ. ಚಳಿ ಹೆಚ್ಚಿದ ವರ್ಷ ಹತ್ತನೆಯ ವಾರದವರೆಗೂ ರಾತ್ರಿಯ ಗುಟುಕು ಕೇಳಿದ ಮರಿಗಳಿವೆ. ಕೊಟ್ಟರೆ ನಷ್ಟವೇನು, ಐದು ಮಿ.ಲೀ. ಫಾರ್ಮುಲಾ ಅಷ್ಟೆ. ಮುದಿ ಗಂಡೊಂದನ್ನು ಅದೇ ಕೋಣೆಯಲ್ಲಿ ಬಿಟ್ಟರೆ ಕೆಲಸ ಇನ್ನೂ ಬೇಗ ಆಗುತ್ತದೆ: ಅದು ತಿನ್ನುವುದನ್ನು ನೋಡಿ ಮರಿಗಳು ಸಾಲಾಗಿ ತಟ್ಟೆಗೆ ಇಳಿಯುತ್ತವೆ, ನಡುನಡುವೆ ಅದು ಗುಟುಕನ್ನೂ ಕೊಡುತ್ತದೆ.

ಒಂದು ಅಡ್ಡ ಪ್ರಯೋಗ ಹೇಳದೆ ಇರಲಾರೆ. ಉಪ್ಪು ಹಾಕದ ನೂಪುಟ್ಟನ್ನು (ಅಕ್ಕಿ ಶಾವಿಗೆ) ತಣಿಸಿ ತಟ್ಟೆಗೆ ಹಾಕಿದಾಗ ಮರಿಗಳು ಎಳೆ ಹಿಡಿದು ಎಳೆದಾಡಿ, ಕೊಕ್ಕಿನಲ್ಲಿ ತುಂಡು ಮಾಡಿ ನುಂಗಲು ಒಂದೇ ದಿನದಲ್ಲಿ ಕಲಿತವು. ಅದರಲ್ಲಿ ಸಾರ ಕಡಿಮೆ, ಹೊಟ್ಟೆ ತುಂಬಿಸಲು ಆಗದು. ಆದರೆ ಬಾಯಿ ತೆರೆದು ಕಾಯುವ ಮರಿಗೆ ಕೊಕ್ಕು ಬಳಸುವುದನ್ನು ಕಲಿಸಲು ಇಷ್ಟು ಅಗ್ಗದ ಸಾಧನ ನನಗೆ ಬೇರೆ ಸಿಕ್ಕಿಲ್ಲ. ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆಯಾದ ಕಡಂಬುಟ್ಟಿನ ಪುಡಿಯನ್ನೂ ಹಾಕಿ ನೋಡಿದೆ, ಅದು ಕೊಕ್ಕಿಗೆ ಅಂಟಿಕೊಂಡು ಒರೆಸುವುದೇ ಕೆಲಸವಾಯಿತು.

ನವೆಂಬರ್ ಕೊನೆ, ಡಿಸೆಂಬರ್ ಮೊದಲ ಭಾಗದಲ್ಲಿ ಬರುವ ಸುಗ್ಗಿ ಹಬ್ಬ ಪುತ್ತರಿ ನಮ್ಮ ಮರಿಗಳ ಹಾರಾಟದ ವಾರಕ್ಕೆ ಸರಿಯಾಗಿ ಬೀಳುತ್ತದೆ. ಕದಿರು ಕೊಯ್ಯುವ ರಾತ್ರಿ ಕೋವಿಯ ಸದ್ದು, ಪಟಾಕಿ. ಕತ್ತಲಲ್ಲಿ ಬೆಚ್ಚಿಬಿದ್ದು ಗೋಡೆಗೆ ಬಡಿದುಕೊಳ್ಳುವುದು ಬೇರೆ ಗಿಳಿಗಳಿಗಿಂತ ಕಾಕಟೀಲಿನಲ್ಲಿ ಹೆಚ್ಚು. ಒಂದು ವರ್ಷ ಬಾಲದ ಗರಿಗಳು ಕಿತ್ತು ರಕ್ತ ಸುರಿದ ಎರಡು ಮರಿಗಳು ಮತ್ತೆ ವಾರಗಟ್ಟಲೆ ಸಿರಿಂಜಿಗೇ ಮರಳಿದವು. ಈಗ ಆ ರಾತ್ರಿ ಅವನ್ನು ಚಿಕ್ಕ ಪಂಜರಕ್ಕೆ ಸೇರಿಸಿ, ಚಾರ್ಜ್ ಆಗುವ ಮಂದ ದೀಪ ಹಚ್ಚಿ, ರೇಡಿಯೋ ಸಣ್ಣಗೆ ಹಾಡಲು ಬಿಡುತ್ತೇನೆ.

ದುಡ್ಡಿನ ಲೆಕ್ಕ ನೆನಪಿನಿಂದಲೇ ಹೇಳುತ್ತೇನೆ. ಮೂರು ವಾರದ ಮರಿಯನ್ನು ಸಿರಿಂಜಿನೊಡನೆ ಮಾರಿದರೆ 1,200ರಿಂದ 1,500 ರೂಪಾಯಿ. ಗುಟುಕು ಬಿಟ್ಟು, ಹಾರಿ ಬಂದು ಹೆಗಲ ಮೇಲೆ ಕೂರುವ ಹಕ್ಕಿಗೆ 3,500 ಸುಲಭವಾಗಿ ಸಿಗುತ್ತದೆ, ಲುಟಿನೋ ಅಥವಾ ಪರ್ಲ್ ಬಣ್ಣದ ತಳಿಯಾದರೆ ಇನ್ನೂ ಹೆಚ್ಚು. 800 ಗ್ರಾಂ ಫಾರ್ಮುಲಾ ಡಬ್ಬಿ ಸಾವಿರದ ಮೇಲೆ, ಮೂರು ಮರಿಗೆ ಬರುತ್ತದೆ. ಕಾಳು, ಮೊಟ್ಟೆ, ಕರೆಂಟು ಸೇರಿ ಒಂದು ಮರಿಗೆ ಏಳುನೂರರ ಒಳಗೆ. ಇನ್ವರ್ಟರ್ ಬ್ಯಾಟರಿಗೆ ಕೊಟ್ಟ ಹದಿನೈದು ಸಾವಿರ ಎರಡನೆಯ ಹಂಗಾಮಿನಲ್ಲಿ ಹುಟ್ಟಿತು. ನನ್ನ ಕೂಲಿಯನ್ನು ಸೇರಿಸಿಲ್ಲ, ಸೇರಿಸಿದರೆ ಕಾಳುಮೆಣಸು ಕೊಯ್ಯಲು ಹೋಗುವುದೇ ಲಾಭವೆಂದು ಮನೆಯಲ್ಲಿ ಹೇಳುತ್ತಾರೆ.

ಗುಟುಕು ಬಿಟ್ಟ ಮೇಲೆಯೂ ಎರಡು ವಾರ ನನ್ನಲ್ಲಿ ಉಳಿದ ಹಕ್ಕಿಯನ್ನು ಮಾತ್ರ ಕೊಡುತ್ತೇನೆ. ಹೊಸ ಮನೆಯಲ್ಲಿ ಅದು ಮತ್ತೆ ಮರಿಯಂತೆ ತಲೆ ಅಲುಗಿಸಿ ಕರ್ಕಶವಾಗಿ ಬೇಡಬಹುದು, ಆಗ ಕೊಂಡವರು ಹೆದರಿ ರಾತ್ರಿ ಹತ್ತಕ್ಕೆ ಫೋನ್ ಮಾಡುತ್ತಾರೆ. ಆದ್ದರಿಂದ ಹಕ್ಕಿಯ ಜೊತೆಗೆ ಒಂದು ಸಿರಿಂಜ್, ಐವತ್ತು ಗ್ರಾಂ ಫಾರ್ಮುಲಾ, ನಾಲ್ಕು ನವಣೆ ತೆನೆ ಮತ್ತು ಕೊನೆಯ ಹತ್ತು ದಿನದ ತೂಕ ಬರೆದ ಚೀಟಿಯನ್ನು ಕೊಟ್ಟು, ಮೂರು ದಿನ ರಾತ್ರಿ ಒಂದು ಗುಟುಕು ಕೊಡಿ, ಬೆಳಿಗ್ಗೆ ತೂಗಿ ನೋಡಿ, ತೂಕ ಚೀಟಿಯಲ್ಲಿರುವುದಕ್ಕಿಂತ ಎಂಟು ಗ್ರಾಂ ಇಳಿದರೆ ನಡುರಾತ್ರಿಯಾದರೂ ಫೋನ್ ಮಾಡಿ ಎಂದು ಹೇಳಿ ಕಳುಹಿಸುತ್ತೇನೆ.